ಪದ್ಯಕ್ಕೆ ನಾನು ಹೇಳಿದ ಅರ್ಥ

ನನ್ನ ಹೆಂಡತಿ ನನಗೊಬ್ಬನಿಗೇ ಹೇಳಿದ್ದ ಮಾತೊಂದನ್ನು ನಾನು ಆನಂದಪುರದ ಒಂದು ಸಭಾಭವನದಲ್ಲಿ, ಮೈಕಿನ ಮುಂದೆ ಕೂತು, ಊರಿಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟೆ. ಬಾಯಿ ತಪ್ಪಿ ಹೇಳಿದ್ದಲ್ಲ. ಯಾರೂ ಬಲವಂತ ಮಾಡಿದ್ದೂ ಅಲ್ಲ. ಹೇಳಿದರೆ ಚಪ್ಪಾಳೆ ಬೀಳುತ್ತದೆ ಎಂದು ಗೊತ್ತಿತ್ತು, ಹೇಳಿದೆ—ಬಿತ್ತು. ಅವಳು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ನನ್ನ ಅಮ್ಮ ಇದ್ದಳು.

ಇದಾಗಿ ವರ್ಷಗಳು ಕಳೆದಿವೆ. ಈಗ ಬರೆಯುವುದೆಂದರೆ ಇನ್ನೊಂದು ಸಲ ಊರಿಗೆ ಹೇಳಿದಂತೆಯೇ ಅಲ್ಲವೇ ಎಂಬ ಅಳುಕು ಬಹಳ ದಿನ ನನ್ನ ಕೈ ಹಿಡಿದಿತ್ತು. ಕೊನೆಗೆ ಅವಳನ್ನೇ ಕೇಳಿದೆ. ಅವಳು ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು ಅಲಸಂದೆ ಮುರಿಯುತ್ತಿದ್ದಳು; ತಲೆ ಎತ್ತಲಿಲ್ಲ.

"ಬರೀರಿ. ಇನ್ನು ಹೊರಗೆ ಹೋಗ್ಲಿಕ್ಕೆ ಎಂತ ಉಳ್ದಿದೆ?" ಎಂದಳು.

ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡು ಬರೆಯುತ್ತಿದ್ದೇನೆ. ಒಪ್ಪಿಗೆ ಅಲ್ಲದೆಯೂ ಇರಬಹುದು—ನನಗೆ ಬೇಕಾದ ಹಾಗೆ ಅವಳ ಮಾತನ್ನು ಅರ್ಥ ಮಾಡಿಕೊಳ್ಳುವುದು ನನ್ನ ಹಳೆಯ ಚಾಳಿ. ಅವಳ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಯಾಕೆಂದು ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ.

ನನಗೆ ಸಾಗರದ ಪೇಟೆಯಲ್ಲಿ ಔಷಧಿ ಅಂಗಡಿ ಇದೆ. ಈ ಊರಿನಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಯ ಸೊಸೆ ಯಾವ ಮಾತ್ರೆಗೆ ಚೀಟಿ ಕಳಿಸುತ್ತಾಳೆ, ಯಾವ ದೊಡ್ಡ ಮನುಷ್ಯರು ಗುಳಿಗೆ ನುಂಗದೆ ಕಣ್ಣು ಮುಚ್ಚುವುದಿಲ್ಲ—ಎಲ್ಲ ನನಗೆ ಗೊತ್ತು. ಒಂದೂ ನನ್ನ ಅಂಗಡಿಯ ಮೆಟ್ಟಿಲು ಇಳಿದಿಲ್ಲ. ಹಳೆ ಪೇಪರಿನಲ್ಲಿ ಸುತ್ತಿ ಕೊಡುತ್ತೇನೆ, ಕೊಡುವಾಗ ಗಿರಾಕಿಯ ಮುಖವನ್ನೂ ನೋಡುವುದಿಲ್ಲ. "ಅವರ ಹೊಟ್ಟೆಗೆ ಹಾಕಿದ್ದು ಹೊರಗೆ ಬರಲ್ಲ ಮಾರಾಯ್ರೆ" ಎಂದು ಜನ ನನ್ನ ಬಗ್ಗೆ ಹೇಳುವುದನ್ನು ಕೇಳಿ ಬೀಗಿದ್ದೇನೆ. ಊರಿನ ಗುಟ್ಟನ್ನೆಲ್ಲ ಅಷ್ಟು ಜೋಪಾನ ಮಾಡಿದವನು ಮನೆಯೊಳಗಿನ ಒಂದು ಗುಟ್ಟನ್ನು—ಇರಲಿ, ಅದನ್ನೇ ಹೇಳಲು ಕೂತಿದ್ದೇನೆ.

ನನಗೆ ತಾಳಮದ್ದಳೆಯ ಹುಚ್ಚು. ಗೊತ್ತಿಲ್ಲದವರಿಗೆ ಎರಡು ಮಾತು: ಅದರಲ್ಲಿ ಯಕ್ಷಗಾನದ ಪದ್ಯ ಇರುತ್ತದೆ, ಮದ್ದಳೆ ಇರುತ್ತದೆ, ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು, ಶಾಲು ಹೊದ್ದು ಎದುರುಬದುರು ಕೂರುತ್ತೇವೆ. ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ. ಪಾತ್ರ ವಹಿಸಿದವನು ಆ ಪದ್ಯದ ಮೇಲೆ ಅಲ್ಲೇ, ಆಗಲೇ ಮಾತು ಕಟ್ಟಬೇಕು. ಅದಕ್ಕೆ ನಾವು ಅರ್ಥ ಹೇಳುವುದು ಎನ್ನುತ್ತೇವೆ. ಬರೆದುಕೊಂಡು ಬಂದು ಓದುವಂತಿಲ್ಲ. ಎದುರಿನ ಪಾತ್ರದವನು ನಡುವೆ ಪ್ರಶ್ನೆ ಎಸೆಯುತ್ತಾನೆ. ಉತ್ತರ ಹೊಳೆಯದೆ ತಡವರಿಸಿದರೆ ಸಭೆ ಮಗ್ಗುಲು ಬದಲಿಸುತ್ತದೆ, ಕೆಮ್ಮುತ್ತದೆ, ಚಹಾ ಕುಡಿಯಲು ಏಳುತ್ತದೆ. ಆ ಕೆಮ್ಮಿನ ಭಯ ಎಷ್ಟು ದೊಡ್ಡದೆಂದು ಅರ್ಥ ಹೇಳಿದವರಿಗೇ ಗೊತ್ತು.

ನನಗೆ ಯಾವಾಗಲೂ ಹೆಣ್ಣಿನ ಪಾತ್ರ. ದನಿ ತೆಳುವಾಗಿತ್ತು, ಅದು ಒಂದು ಕಾರಣ. "ಹೆಂಗಸರ ಮನಸ್ಸು ಇವ್ರಿಗೆ ಎಷ್ಟು ಚೆನ್ನಾಗಿ ಗೊತ್ತು ನೋಡಿ" ಎಂದು ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯ ತಾಳಮದ್ದಳೆಯ ಗೆಳೆಯರು ಹೇಳುತ್ತಿದ್ದರು. ಮನೆಗೆ ಬಂದು ಅದನ್ನು ಹೆಂಡತಿಗೂ ಹೇಳುತ್ತಿದ್ದೆ. ಅವಳು ನಗುತ್ತಿದ್ದಳು. ಆ ನಗುವಿನಲ್ಲಿ ಏನಿತ್ತು ಎಂದು ನಾನು ಒಂದು ದಿನವೂ ಕೇಳಿದವನಲ್ಲ.

ನಮ್ಮ ಮನೆಯಲ್ಲಿ ಬಂದ ಸೊಸೆಗೆ ಹೆಸರು ಬದಲಿಸುವ ರೂಢಿ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ಗಂಡು ಉಂಗುರ ಹಿಡಿದು ಅದರ ಮೇಲೆ ಹೊಸ ಹೆಸರು ಬರೆಯಬೇಕು. ಅಮ್ಮ ಆರಿಸಿದ ಹೆಸರನ್ನು ನಾನು ಬರೆದೆ. ಎಲ್ಲರೂ ಬಗ್ಗಿ ನೋಡಿದರು, ಫೋಟೋದವನು "ಇನ್ನೊಂದ್ಸಲ ಬರೀರಿ ಸಾರ್" ಎಂದ, ಮತ್ತೆ ಬರೆದೆ. ಅವಳೂ ನೋಡಿದಳು. ತೀರ್ಥಹಳ್ಳಿಯ ತವರಿನಿಂದ ಒಂದು ಹೆಸರು ಹೊತ್ತು ಬಂದವಳು ಊಟದ ಹೊತ್ತಿಗೆ ಬೇರೆಯವಳಾಗಿದ್ದಳು. ಬೇಸರವಾಯಿತಾ ಎಂದು ಕೇಳಬೇಕೆಂದು ನನಗೆ ತೋಚಲಿಲ್ಲ. ಎಲ್ಲರ ಮನೆಯಲ್ಲೂ ನಡೆಯುವುದೇ ಅಲ್ಲವೇ ಎಂದುಕೊಂಡಿದ್ದೆ. ಅಮ್ಮನಿಗೂ ಅವಳ ಅತ್ತೆ ಹೀಗೇ ಮಾಡಿದ್ದರಂತೆ. ಅಮ್ಮನ ಹಳೆಯ ಹೆಸರು ಏನು? ನನಗೆ ಗೊತ್ತಿಲ್ಲ; ಅದನ್ನೂ ಕೇಳಿದವನಲ್ಲ.

ಅಮ್ಮ ಕೆಟ್ಟವಳಲ್ಲ, ಅದನ್ನು ಈಗಲೇ ಹೇಳಿಬಿಡಬೇಕು. ತಾನಿಟ್ಟ ಹೆಸರನ್ನು ದಿನಕ್ಕೆ ಎಷ್ಟು ಸಲ ಬಾಯಿ ತುಂಬ ಕರೆಯುತ್ತಿದ್ದಳೋ! ಇಬ್ಬರೂ ಕೂತು ಉಪ್ಪಿನಕಾಯಿ ಹಾಕುವಾಗ, ಪಕ್ಕದ ಮನೆಯ ಮದುವೆಗೆ ಹೊರಡುವಾಗ ಅವರನ್ನು ನೋಡಿದವರು ತಾಯಿ ಮಗಳು ಅಂದುಕೊಳ್ಳಬೇಕಿತ್ತು.

ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ. ಅಂಗಡಿಗೆ ರಜೆ. ಊಟ ಮಾಡಿ ಅಡ್ಡಾಗಿದ್ದೆ, ಬನಿಯನ್ನೂ ಇಲ್ಲದೆ, ಗೋಡೆಯ ಕಡೆ ಮುಖ ಮಾಡಿ. ಅವಳ ಬೆರಳು ನನ್ನ ಬೆನ್ನ ಮೇಲೆ ಏನೋ ಗೀಚುತ್ತಿತ್ತು. ಹಿಂದೆಯೂ ಒಂದೆರಡು ಸಲ ಅರೆನಿದ್ದೆಯಲ್ಲಿ ಹಾಗೆ ಅನ್ನಿಸಿದ್ದುಂಟು. ರಂಗೋಲಿಯ ಎಳೆ ಎಳೆಯುತ್ತಾಳೇನೋ ಅಂದುಕೊಂಡಿದ್ದೆ. ಅಂದು ನಿದ್ದೆ ಬಂದಿರಲಿಲ್ಲ.

"ಎಂತ ಬರೀತಿದೀಯ?" ಎಂದೆ.

ಅವಳ ಕೈ ಹಿಂದೆ ಹೋಯಿತು. "ನಿದ್ದೆ ಬಂದಿಲ್ವಾ ನಿಮ್ಗೆ?"

ನಾನು ಬಿಡಲಿಲ್ಲ. ತಮಾಷೆ ಮಾಡಿದೆ, ಪೀಡಿಸಿದೆ. ಬಹಳ ಹೊತ್ತಿನ ಮೇಲೆ, ನಾನು ತಿರುಗಿ ಮುಖ ನೋಡಬಾರದು ಎಂಬ ಕರಾರಿನ ಮೇಲೆ ಹೇಳಿದಳು.

"ನನ್ನ ಹೆಸ್ರು. ಅಪ್ಪ ಇಟ್ಟಿದ್ದು. ಈ ಮನೇಲಿ ಅದು ಎಲ್ಲೂ ಇಲ್ಲ ನೋಡಿ. ರೇಷನ್ ಕಾರ್ಡಲ್ಲಿ ಇಲ್ಲ, ಯಾರ ಬಾಯಲ್ಲೂ ಇಲ್ಲ. ನಂಗೇ ಮರ್ತು ಹೋದ್ರೆ ಅಂತ ಹೆದ್ರಿಕೆ. ಇಲ್ಲಿ ಬರ್ದ್ರೆ, ನೀವು ಅಂಗಿ ಹಾಕ್ಕೊಂಡು ಅಂಗಡಿಗೆ ಹೋಗ್ತೀರಲ್ಲ, ಅದೂ ಒಳಗಿಂದೊಳಗೇ ಪೇಟೆ ಸುತ್ಕೊಂಡು ಬರ್ತದೆ. ನಂಗೆ ಅಷ್ಟು ಸಾಕು."

ಆಮೇಲೆ ಹೇಳಿದಳು: "ಯಾರ ಹತ್ರನೂ ಹೇಳ್ಬೇಡಿ. ಅತ್ತೆಗೆ ಬೇಜಾರಾಗ್ತದೆ."

"ನಾನು ಯಾರಿಗೆ ಹೇಳ್ಲಿ ಮಾರಾಯ್ತಿ" ಎಂದೆ.

ಆಗ ನಾನು ಏನು ಮಾಡಬಹುದಿತ್ತು ಎಂದು ಈಚೆಗೆ ಎಷ್ಟೋ ಸಲ ಯೋಚಿಸಿದ್ದೇನೆ. ಅವಳ ಕಡೆ ತಿರುಗಿ ಆ ಹೆಸರು ಹಿಡಿದು ಒಂದೇ ಒಂದು ಸಲ ಕರೆಯಬಹುದಿತ್ತು. ಅವಳು ಅಷ್ಟು ಹೇಳಿದ್ದೂ ಬಹುಶಃ ಅದಕ್ಕೇ—ನಾನು ಕರೆಯಲಿ ಎಂದು. ನನಗೆ ಅದು ಹೊಳೆಯಲಿಲ್ಲ. ನನಗೆ ಹೊಳೆದದ್ದು ಏನು ಗೊತ್ತೇ? ಆಹಾ, ಎಂಥ ಚೆಂದದ ಮಾತು! ಇಂಥದ್ದು ಪುಸ್ತಕದಲ್ಲೂ ಸಿಗುವುದಿಲ್ಲ! ಅವಳ ಮಾತು ಮುಗಿಯುವ ಮೊದಲೇ ಅದನ್ನು ನಾನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡಾಗಿತ್ತು. ದ್ರೋಹ ಆನಂದಪುರದಲ್ಲಿ ಶುರುವಾದದ್ದಲ್ಲ.

ಆನಂದಪುರದ್ದು ಮಧ್ಯಾಹ್ನದ ಕಾರ್ಯಕ್ರಮ. ಪ್ರಸಂಗ ಹೊಸದು, ನಮ್ಮ ಬಳಗದಲ್ಲೇ ಒಬ್ಬರು ಬರೆದದ್ದು. ಅರಮನೆ ಬಿಟ್ಟು ದಳವಾಯಿಯ ಹಿಂದೆ ಬಂದ ರಾಜಕುಮಾರಿಯ ಕಥೆ. ಯುದ್ಧಕ್ಕೆ ಹೊರಟ ದಳವಾಯಿ, ನೀನು ತವರಿಗೆ ಹಿಂತಿರುಗು ಎನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಅಲ್ಲಿಗೆ ಒಂದು ಶೃಂಗಾರದ ಪದ್ಯ. ಹೆಗ್ಗೋಡಿನ ಕಡೆಯ ಭಾಗವತರು ಅದನ್ನು ನಿಧಾನಕ್ಕೆ, ಎಳೆದೆಳೆದು ಹಾಡಿದರು:

ಇರುಳು ಸಾಲದು ಕಾಣೊ ನಿನ್ನ ತೋಳಿನ ಒಳಗೆ
ಹಗಲು ಕೇಳಿದರೇನ ಹೇಳಲೊ ಹೊರಗೆ

ನಾನು ರಾಜಕುಮಾರಿ. ದಳವಾಯಿಯಾಗಿ ಎದುರಿಗೆ ಕೂತವರು ಹೊಸನಗರದ ವಕೀಲರು, ಸದಾನಂದರು. ಕೋರ್ಟಿನಲ್ಲಿ ಹೇಗೋ ಗೊತ್ತಿಲ್ಲ. ತಾಳಮದ್ದಳೆಯಲ್ಲಿ ಅವರ ಸವಾಲಿಗೆ ಸಿಕ್ಕಿದವರು ನೀರು ಕೇಳುತ್ತಿದ್ದರು. ನಾನು ಪದ್ಯಕ್ಕೆ ಎಲ್ಲರೂ ಹೇಳುವಂಥದ್ದನ್ನೇ ಹೇಳಲು ತೊಡಗಿದೆ—ಬೆಳದಿಂಗಳು, ಮಲ್ಲಿಗೆ, ವಿರಹ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಇನ್ನೊಬ್ಬರು ಎದ್ದರು.

ಸದಾನಂದರು ಅದೇ ಹೊತ್ತಿಗೆ ಕೈ ಎತ್ತಿದರು. "ಪ್ರೇಮ ಪ್ರೇಮ ಎನ್ನುತ್ತೀಯೆ, ರಾಜಕುಮಾರಿ. ಸಾಕ್ಷಿ ಏನಿದೆ?"

"ಸಾಕ್ಷಿ ನಿನ್ನ ಬೆನ್ನ ಮೇಲಿದೆ, ದಳವಾಯಿ" ಎಂದೆ.

ಕೆಮ್ಮು ನಿಂತಿತು. ಎದ್ದವರು ಕೂತರು. ಅದು ನನಗೆ ಕೇಳಿಸಿತು, ಕಾಣಿಸಿತು, ರುಚಿಸಿತು. ಮುಂದಿನದೆಲ್ಲ ಹರಿದುಕೊಂಡು ಬಂತು: "ಕೈಹಿಡಿದ ದಿನ ನೀನು ಅಕ್ಕಿಯ ಮೇಲೆ ನನಗೊಂದು ಹೆಸರು ಬರೆದೆ. ಅದು ನಿನ್ನ ಮನೆಯವರು ಆರಿಸಿದ ಹೆಸರು. ನಾನು ಬಾಯಿ ತೆರೆಯಲಿಲ್ಲ. ನೀನು ಮಲಗಿದ ಮೇಲೆ ಬೆರಳ ತುದಿಯಿಂದ ನಿನ್ನ ಬೆನ್ನ ಮೇಲೆ ನನ್ನ ಹೆಸರು ಬರೆದೆ—ತವರಿನವರು ಇಟ್ಟದ್ದು, ನಿನ್ನ ಮನೆಯಲ್ಲಿ ಯಾರೂ ಕರೆಯದ್ದು. ನೀನು ಕವಚ ತೊಟ್ಟು ಹೊರಟರೆ ಅದರೊಳಗೆ ನಾನಿರುತ್ತೇನೆ." ಚಪ್ಪಾಳೆ ಹೇಗೆ ಬಿತ್ತೆಂದರೆ ಮದ್ದಳೆಯವರೂ ಕೈ ತೆಗೆದು ನನ್ನನ್ನು ನೋಡಿದರು. ಭಾಗವತರು ಪದ್ಯದ ಸಾಲನ್ನು ಮತ್ತೆ ಎತ್ತಿಕೊಂಡರು.

ಅಲ್ಲಿಗೆ ನಿಲ್ಲಿಸಿದ್ದರೆ... ನಿಲ್ಲಿಸಿದ್ದರೂ ತಪ್ಪು ತಪ್ಪೇ. ಆದರೆ ಸದಾನಂದರು ವಕೀಲರಲ್ಲವೇ, ಸಾಕ್ಷಿಯನ್ನು ಅರ್ಧಕ್ಕೆ ಬಿಡುವವರಲ್ಲ. "ಯಾವುದು ಆ ಹೆಸರು?" ಎಂದು ಕೇಳಿದರು.

ಆ ಕ್ಷಣದಲ್ಲಿ ಬೇರೆ ಹೆಸರು ಹೊಳೆಯಲಿಲ್ಲ ಎಂದು ನಾನು ಬಹಳ ಕಾಲ ನನಗೇ ಹೇಳಿಕೊಂಡು ಬಂದೆ. ಸುಳ್ಳು. ಪ್ರಸಂಗದ ರಾಜಕುಮಾರಿಗೆ ಹೊಂದುವ ಎರಡು ಮೂರು ಹೆಸರು ನಾಲಿಗೆಯ ಮೇಲೇ ಇದ್ದವು. "ಹೇಳಲಾರೆ" ಎಂದಿದ್ದರೂ ಒಳ್ಳೆಯ ಅರ್ಥವೇ ಆಗುತ್ತಿತ್ತು. ಆದರೆ ನಿಜವಾದದ್ದನ್ನು ಹೇಳಿದರೆ ದನಿಗೆ ಬೇರೆಯದೇ ನಡುಕ ಬರುತ್ತದೆ, ಆ ನಡುಕ ಸಭೆಗೆ ತಾಗುತ್ತದೆ—ಇದು ನನಗೆ ಅನುಭವದಿಂದ ಗೊತ್ತಿತ್ತು. ಹೆಂಗಸರ ಸಾಲನ್ನು ಒಮ್ಮೆ ನೋಡಿದೆ. ಅವಳು ತಲೆಯನ್ನು ಸ್ವಲ್ಪವೇ ಸ್ವಲ್ಪ ಅಡ್ಡಕ್ಕೆ ಆಡಿಸಿದಳು. ನೋಡಿದೆ. ನೋಡಿಯೂ ಆ ಹೆಸರು ಹೇಳಿದೆ. ಮದುವೆಯಾದ ಮೇಲೆ ಅವಳ ಹೆಸರು ನನ್ನ ಬಾಯಿಂದ ಮೊದಲ ಸಲ ಹೊರಬಿದ್ದದ್ದು ಅಲ್ಲಿ.

ಗೊತ್ತಿಲ್ಲದವರು ಚಪ್ಪಾಳೆ ತಟ್ಟಿದರು. ಗೊತ್ತಿದ್ದವರು—ನಮ್ಮ ನೆಂಟರು, ನಮ್ಮ ಬೀದಿಯವರು, ಮದುವೆಯ ಪತ್ರಿಕೆಯಲ್ಲಿ ಆ ಹೆಸರನ್ನು ಓದಿದವರು—ತಿರುಗಿ ಅವಳನ್ನು ನೋಡಿದರು. ಒಬ್ಬರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅಮ್ಮ ಮಾತ್ರ ತಿರುಗಲಿಲ್ಲ. ನೆಟ್ಟಗೆ ನನ್ನನ್ನೇ ನೋಡುತ್ತಾ ಕೂತಿದ್ದಳು.

ಸಾಗರಕ್ಕೆ ವಾಪಸ್ಸು ಬರುವಾಗ ಕಾರಿನಲ್ಲಿ ಮೂವರೇ. ಮುಂದೆ ನನ್ನ ಪಕ್ಕ ಕೂತಿದ್ದ ಅಮ್ಮ, ಹಿಂದಿನ ಸೀಟಿಗೆ ತಿರುಗದೆಯೇ ಸೊಸೆಯನ್ನು ಕೇಳಿದಳು: "ನಾನು ನಿನ್ನ ಹೆಸ್ರು ಕಿತ್ಕೊಂಡೆ ಅಂತ ಇಷ್ಟು ವರ್ಷ ಮನಸಲ್ಲಿ ಇತ್ತಾ ನಿಂಗೆ?"

"ಹಾಗಲ್ಲ ಅತ್ತೆ" ಎಂದಳು ಇವಳು. ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಿದ್ದರೆ ಅಳು ಬರುತ್ತಿತ್ತೇನೋ. ನಾನು ರಸ್ತೆ ನೋಡಿಕೊಂಡು ಕಾರು ಓಡಿಸಿದೆ. ಉತ್ತರ ಕೊಡಬೇಕಾದವನು ನಾನಾಗಿದ್ದೆ.

ಮನೆಯಲ್ಲಿ ಅವಳು ಕೇಳಿದಳು. ಕೂಗಾಡಲಿಲ್ಲ. "ಎಂತಕ್ಕೆ ಹೇಳಿದ್ರಿ?"

"ಅದು ನೀನೇ ಅಂತ ಯಾರಿಗೆ ಗೊತ್ತಾಗ್ತದೆ? ಪಾತ್ರದ ಮಾತು ಅದು" ಎಂದೆ.

"ನಂಗೆ ಗೊತ್ತಾಯ್ತಲ್ಲ."

ಉತ್ತರವಿಲ್ಲದಾಗ ಗಂಡಸರು ಮಾಡುವುದನ್ನೇ ಮಾಡಿದೆ—ನಿನಗೆ ಕಲೆ ಅಂದರೆ ಏನು ಗೊತ್ತು ಎಂದು ಸಿಡುಕಿ, ಟೀವಿ ಹಾಕಿಕೊಂಡೆ.

ಅಂದು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಎರಡು ದಿನದಲ್ಲಿ ಆ ತುಣುಕು ಗುಂಪಿಂದ ಗುಂಪಿಗೆ ಹಾರಿ ನಮ್ಮ ನೆಂಟರ ಮನೆಗಳಿಗೆಲ್ಲ ತಲುಪಿತು. ಅಂಗಡಿಗೆ ಮಾತ್ರೆಗೆ ಬಂದವರು ನನ್ನ ಕೈ ಕುಲುಕಿದರು. ಸದಾನಂದರು ಫೋನು ಮಾಡಿ, "ಮಾರಾಯ್ರೆ, ಅದು ನಿಮ್ಮನೆಯವ್ರ ಹೆಸ್ರಂತೆ ಹೌದಾ? ಗೊತ್ತಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ" ಎಂದು ಪೇಚಾಡಿದರು. "ಅಯ್ಯೋ, ಅದ್ರಲ್ಲೆಂತ ಉಂಟು ಬಿಡಿ" ಎಂದು ನಕ್ಕೆ. ಕೇಳಿದವರಿಗೆ ನಾಚಿಕೆಯಾಗಿತ್ತು, ಹೇಳಿದವನಿಗೆ ಇನ್ನೂ ಆಗಿರಲಿಲ್ಲ.

ಅವಳಿಗೆ ಏನಾಯಿತು ಎಂದರೆ—ಮದುವೆ ಮನೆಗೆ ಹೋದರೆ ಹೆಂಗಸರು ಪಕ್ಕೆಗೆ ತಿವಿಯುತ್ತಿದ್ದರು. "ಎಂತ, ಬೆನ್ನಿಗೆ ಬರ್ದಾಯ್ತಾ ಇವತ್ತು?" ಆ ಹಳೆಯ ಹೆಸರನ್ನು ಉದ್ದಕ್ಕೆ ಎಳೆದು ಕರೆಯುತ್ತಿದ್ದರು, ನಗುತ್ತಿದ್ದರು. ಇಷ್ಟು ವರ್ಷ ಯಾರೂ ಕರೆಯದ ಹೆಸರು ಈಗ ಎಲ್ಲರ ಬಾಯಲ್ಲಿ ಇತ್ತು. ಅವರೇನೂ ಕೆಟ್ಟ ಮನಸ್ಸಿನಿಂದ ಮಾಡಿದವರಲ್ಲ, ಸಲಿಗೆಯ ತಮಾಷೆ. ಅವಳು ಮದುವೆಗಳಿಗೆ ಹೋಗುವುದನ್ನು ಕಡಿಮೆ ಮಾಡಿದಳು, ಆಮೇಲೆ ನಿಲ್ಲಿಸಿದಳು. ಅಮ್ಮನೂ ತಾನಿಟ್ಟ ಹೆಸರನ್ನು ಕರೆಯುವುದು ಬಿಟ್ಟಳು. ಜಗಳವಿಲ್ಲ, ಮುನಿಸಿನ ಮಾತಿಲ್ಲ. "ಇವ್ಳೇ, ಸ್ವಲ್ಪ ನೀರು" ಎನ್ನುತ್ತಿದ್ದಳು. ಹಾಸಿಗೆ ಹಿಡಿದ ಕೊನೆಯ ತಿಂಗಳುಗಳಲ್ಲಿ ಇವಳೇ ಮೈ ಒರೆಸಿ, ಗಂಜಿ ಕುಡಿಸಿದವಳು. ಆಗಲೂ "ಇವ್ಳೇ". ಅಮ್ಮ ಹಾಗೆಯೇ ಹೋದಳು. ತನ್ನ ಮೇಲೆ ಸೊಸೆಗೆ ಒಳಗೊಂದು ಸಿಟ್ಟಿತ್ತು ಎಂದು ನಂಬಿಯೇ ಹೋದಳು.

ಆನಂದಪುರದ ನಂತರ ನನ್ನ ಬೆನ್ನ ಮೇಲೆ ಯಾವ ಬೆರಳೂ ಆಡಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ನನಗೆ ಹೆಚ್ಚು ಕಾಡುವುದು ಅದಲ್ಲ. ಅವಳು ನನ್ನೊಡನೆ ಮಾತಾಡುವುದನ್ನು ನಿಲ್ಲಿಸಲಿಲ್ಲ. ಹಾಲಿನವನ ವಿಷಯ, ಕರೆಂಟು ಬಿಲ್ಲಿನ ವಿಷಯ, ನೆಂಟರ ಆರೋಗ್ಯ, ಎಲ್ಲ ಹೇಳುತ್ತಾಳೆ. ಆದರೆ ನಾಲ್ಕು ಜನರ ಎದುರು ಹೇಳಬಹುದಾದದ್ದನ್ನು ಮಾತ್ರ ಹೇಳುತ್ತಾಳೆ. ನಾವಿಬ್ಬರೇ ಇರುವಾಗಲೂ ಮೂರನೆಯವರು ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬಂತೆ ಮಾತಾಡುತ್ತಾಳೆ.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಅದೇ ಪ್ರಸಂಗಕ್ಕೆ ಹೊಸನಗರದಲ್ಲಿ ಕರೆದರು, ಹೋದೆ. ಹುಂಚದ ಹತ್ತಿರ ಒಂದು ಊರಿನಲ್ಲಿ ಕರೆದರು, ಅಲ್ಲಿಗೂ ಹೋದೆ. ಹೆಸರು ಬದಲಿಸಿದೆ, ಉಳಿದದ್ದನ್ನು ಹಾಗೆಯೇ ಹೇಳಿದೆ. ಕೊನೆಗೆ ತೀರ್ಥಹಳ್ಳಿಯಿಂದ ಕರೆ ಬಂತು. ಅವಳ ತವರೂರು. ಆಗ ಅವಳು ಬಾಗಿಲ ಬಳಿ ನಿಂತು ಒಂದೇ ಮಾತು ಹೇಳಿದಳು: "ತೀರ್ಥಳ್ಳಿಲಿ ಮಾತ್ರ ಬೇಡ. ನಿಮ್ಗೆ ಕೈ ಮುಗೀತೀನಿ." ನಿಜವಾಗಿಯೂ ಕೈ ಮುಗಿದಳು. ಇಲ್ಲ, ಭಾಗವತರಿಗೆ ಹೇಳಿ ಆ ಪದ್ಯವನ್ನೇ ಕೈಬಿಡಿಸುತ್ತೇನೆ ಎಂದು ಮಾತು ಕೊಟ್ಟು ಹೊರಟೆ. ಅವಳು ಬರಲಿಲ್ಲ.

ಬಿಡಿಸಲಿಲ್ಲ. ಭಾಗವತರಿಗೆ ಹೇಳಲೇ ಇಲ್ಲ. ಹೇಳಬೇಕೆಂದು ಹೋದವನಿಗೆ ಅಲ್ಲಿ ಸಂಘಟಕರು, "ಇವತ್ತು ಜನ ಬಂದಿದ್ದೇ ನಿಮ್ಮ ಆ ಬೆನ್ನಿನ ಅರ್ಥ ಕೇಳ್ಲಿಕ್ಕೆ" ಎಂದರು. ಕಾಲು ನೆಲದ ಮೇಲೆ ನಿಲ್ಲಲಿಲ್ಲ ನನಗೆ. ಪದ್ಯ ಬಂತು. ಎದುರಿಗೆ ಅಂದು ಬೇರೆಯವರು. ಸಭೆ ಏನು ಕಾಯುತ್ತಿದೆ ಎಂದು ಅವರಿಗೂ ಗೊತ್ತಿತ್ತು. ಹೆಸರು ಕೇಳಿದರು. ಆ ಊರಿನಲ್ಲಿ, ಅವಳು ಲಂಗ ಉಟ್ಟು ಶಾಲೆಗೆ ಹೋದ ಊರಿನಲ್ಲಿ, ಮತ್ತೆ ಆ ನಿಜವಾದ ಹೆಸರನ್ನೇ ಹೇಳಿದೆ. ಈ ಸಲ ಆವೇಶವೂ ಇರಲಿಲ್ಲ. ಅಂಗಡಿಯಲ್ಲಿ ಮಾತ್ರೆ ಎಣಿಸಿ ಕೊಡುವಷ್ಟೇ ಸಮಾಧಾನದಿಂದ ಹೇಳಿದೆ.

ಮುಗಿದ ಮೇಲೆ ಅವಳ ಅಣ್ಣ ಬಂದ. ಹೊಗಳುತ್ತಾನೆ ಎಂದುಕೊಂಡು ಎದ್ದು ನಿಂತೆ.

"ಭಾವ, ಅವ್ಳಿಗೆ ಹೆಸ್ರಿನ ವಿಷ್ಯದಲ್ಲಿ ಇಷ್ಟು ಬೇಜಾರಿತ್ತು ಅಂತ ನಮ್ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. ಅಮ್ಮಂಗೂ ಹೇಳ್ಲಿಲ್ಲ, ನಂಗೂ ಹೇಳ್ಲಿಲ್ಲ. ನಿಮ್ಗೊಬ್ರಿಗೆ ಹೇಳಿದ್ಲು" ಎಂದ. ಊಟಕ್ಕೆ ಎಲೆ ಹಾಕಿದ್ದರು. ಅವನು ಕೂರದೆ ಹೋದ.

ನಾಚಿಕೆ ಎಂಬುದು ನನಗೆ ಬಂದದ್ದು ಆಗ. ತಡವಾಗಿ ಬಂದರೂ ಬಿಟ್ಟು ಹೋಗುವಂತೆ ಬರಲಿಲ್ಲ. ಆದರೂ ಮನೆಗೆ ಹೋಗಿ, "ಆ ಪದ್ಯ ಹಾಡ್ಲೇ ಇಲ್ಲ" ಎಂದು ಸುಳ್ಳು ಹೇಳಿದೆ. ಅವಳು "ಹೌದಾ, ಕೈ ಕಾಲು ತೊಳ್ಕೊಳ್ಳಿ" ಎಂದಳು. ತೀರ್ಥಹಳ್ಳಿಯ ತುಣುಕು ನಾನು ಬಸ್ಸಿನಲ್ಲಿರುವಾಗಲೇ ಅವಳ ಮೊಬೈಲಿಗೆ ಬಂದಿತ್ತು ಎಂಬುದು ನನಗೆ ಗೊತ್ತಾದದ್ದು ಬಹಳ ದಿನದ ಮೇಲೆ. ಅವಳು ಅದನ್ನು ನೋಡಿದ್ದಳು. ನೋಡಿಯೇ ನನಗೆ ಬಡಿಸಿದ್ದಳು.

ಆ ಪದ್ಯವನ್ನು ನಾನು ಎಷ್ಟು ಸಲ ಕೇಳಿದೆನೋ! ಮೊದಲ ಸಾಲಿನ ತೋಳು, ಇರುಳು, ಅಷ್ಟೇ ಕಿವಿಗೆ ಬೀಳುತ್ತಿತ್ತು. ಎರಡನೆಯ ಸಾಲಿನಲ್ಲಿ ಅವಳು ಕೇಳುವುದು ಏನು? ಹಗಲು ಬಂದು ಕೇಳಿದರೆ ಹೊರಗೆ ಏನೆಂದು ಹೇಳಲಿ, ಎಂದು. ಹೇಳಲಾರೆ ಎಂಬುದೇ ಅದರ ಅರ್ಥ. ಇಬ್ಬರ ನಡುವೆ ಹುಟ್ಟಿದ ಮಾತಿಗೆ ಮೂರನೆಯ ಕಿವಿ ಇಲ್ಲ, ಹೊರಗೆ ತಂದರೆ ಅದು ಬದುಕುವುದಿಲ್ಲ. ಹಾಡಿನ ಹುಡುಗಿಗೆ ತಿಳಿದಿತ್ತು. ನನ್ನ ಹೆಂಡತಿಗೆ ತಿಳಿದಿತ್ತು. ಹೆಂಗಸರ ಮನಸ್ಸು ಬಲ್ಲವನೆಂದು ಶಾಲು ಹೊದಿಸಿಕೊಂಡ ನನಗೆ ಮಾತ್ರ ತಿಳಿಯಲಿಲ್ಲ. ಬೇರೆಯವರ ಎದೆಯಲ್ಲಿ ಇದ್ದದ್ದನ್ನು ಕದ್ದು ತಂದು ಮೈಕಿನ ಮುಂದೆ ಇಟ್ಟವನನ್ನು ಜನ ರಸಿಕ ಎಂದರು, ನಾನೂ ನಂಬಿದೆ.

ತೀರ್ಥಹಳ್ಳಿಯ ನಂತರ ನಾನು ಅರ್ಥ ಹೇಳುವುದನ್ನು ಬಿಟ್ಟೆ. ಅದನ್ನೊಂದು ದೊಡ್ಡ ತ್ಯಾಗವೆಂದು ನೀವು ತಿಳಿಯಬಾರದು. ಕೇಳಿದವರಿಗೆ ಗಂಟಲು ಸರಿಯಿಲ್ಲ ಎಂದೆ. ಔಷಧಿ ಅಂಗಡಿಯವನಿಗೆ ಗಂಟಲು ಸರಿಮಾಡಿಕೊಳ್ಳಲು ಬರುವುದಿಲ್ಲವಾ ಎಂದು ನಕ್ಕರು. ಬಿಟ್ಟದ್ದಕ್ಕೆ ನಿಜವಾದ ಕಾರಣವನ್ನು ಯಾರಿಗೂ ಹೇಳಲಿಲ್ಲ. ಅವಳ ಗುಟ್ಟನ್ನು ಊರಿಗೆ ಹೇಳಿದವನು ನನ್ನ ಗುಟ್ಟನ್ನು ಮಾತ್ರ ಇಲ್ಲಿಯವರೆಗೆ ಚೆನ್ನಾಗಿಯೇ ಕಾಪಾಡಿಕೊಂಡೆ.

ಕ್ಷಮೆ ಕೇಳಿದೆಯಾ ಎಂದು ನೀವು ಕೇಳಬಹುದು. ಕೇಳಿದೆ—ಈಚೆಗೆ, ಅದೂ ನನ್ನದೇ ರೀತಿಯಲ್ಲಿ. 'ಕ್ಷಮಿಸು' ಎಂಬ ಮಾತು ಬಾಯಿಗೆ ಬರುವುದು ಕಷ್ಟವಾಗಿತ್ತು. ಅಂದು ಕರೆಯಬೇಕಾಗಿದ್ದ ಹೆಸರನ್ನು ಈಗಲಾದರೂ ಕರೆದರೆ ಅವಳಿಗೆ ಎಲ್ಲ ತಿಳಿಯುತ್ತದೆ ಎಂದುಕೊಂಡೆ. ಮನೆಯಲ್ಲಿ ಇಬ್ಬರೇ ಇದ್ದೆವು. ಬೆಳಗಿನ ತಿಂಡಿ ಆಗಿತ್ತು. ಮುಂದಿನ ಕೋಣೆಯಲ್ಲಿ ಕೂತು, ಮೆತ್ತಗೆ, ಆ ಹೆಸರು ಹಿಡಿದು ಕರೆದೆ.

ಒಳಗೆ ಪಾತ್ರೆಯ ಸದ್ದು ನಿಂತಿತು. ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು.

"ಯಾರನ್ನ ಕರ್ದ್ರಿ?"

"ನಿನ್ನನ್ನೇ."

"ಅದು ಈಗ ಊರಿಂದು. ನಂಗೆ ಬೇಡ."

"ಹಾಗಾದ್ರೆ ಇನ್ನೊಂದು..."

"ಅದು ನಿಮ್ಮ ಅಮ್ಮಂದು. ಅವ್ರೇ ಬಿಟ್ಟು ಹೋದ್ರಲ್ಲ."

ತಪ್ಪಾಯಿತು ಎಂದೆ, ಅಷ್ಟು ಹೊತ್ತಿಗೆ ಅದು ಸುಲಭವಾಗಿಯೇ ಬಂತು. ಅವಳು ತಲೆಯಾಡಿಸಿದಳು, ಕ್ಷಮಿಸಿದೆ ಎಂದಲ್ಲ, ಕೇಳಿಸಿತು ಎನ್ನುವಂತೆ. ಒಳಗೆ ಹೋಗಲು ತಿರುಗಿದವಳು ನಿಂತಳು.

"ನಂಗೆ ಈಗ ಬೇರೆ ಹೆಸ್ರಿದೆ. ನಾನೇ ಇಟ್ಕೊಂಡಿದ್ದು. ನಿಮ್ಗೆ ಹೇಳೋದಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಹಾಲು ಖಾಲಿಯಾಗಿದೆ ಎಂದು ಹೇಳುವ ದನಿಯಲ್ಲೇ ಹೇಳಿ ಒಳಗೆ ಹೋದಳು. ಮತ್ತೆ ಪಾತ್ರೆಯ ಸದ್ದು ಶುರುವಾಯಿತು.

ಯಾವುದು ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ನುಂಗಿಕೊಂಡೆ. ದಿನವೂ ಒಮ್ಮೆಯಾದರೂ ಬರುತ್ತದೆ—ಅವಳು ಎದುರಿಗೆ ಕೂತು ಊಟ ಮಾಡುವಾಗ, ಏನನ್ನೋ ನೆನೆದು ತನ್ನಷ್ಟಕ್ಕೆ ನಗುವಾಗ. ಆ ಹೆಸರಿನಲ್ಲಿ ಅವಳು ತನ್ನನ್ನು ತಾನೇ ಕರೆದುಕೊಳ್ಳುತ್ತಿರುತ್ತಾಳೆ ಎಂದು ಗೊತ್ತಿದ್ದೂ ಸುಮ್ಮನಿರುತ್ತೇನೆ. ಕೇಳುವುದಿಲ್ಲ. ಕೇಳಿದರೆ ಹೇಳಬಹುದು ಎಂಬ ಆಸೆಯನ್ನೂ ಇಟ್ಟುಕೊಂಡಿಲ್ಲ.